ಕೇಳಿದ್ದೀರಿ: ಕುದುರೆ ತಳಿ, ಬೆದೆ, ಮೇವು

ಅಮೆರಿಕದ ಕಿಂಗ್ ರ್‍ಯಾಂಚಿನ ಕ್ಲೆಬರ್ಗ್ ಅನ್ನಾವ್ರು ಒಂದೇ ಗಂಡು ಕುದುರಿಯಿಂದ ತಳಿ ಎಬ್ಬಿಸಿದ್ರಂತ. ಅದು ರೊಕ್ಕ ಇದ್ದವರ ಆಟ, ಹೌದಲ್ರಿ? – ಓದುಗರು, ಮುಧೋಳ

ರೊಕ್ಕ ಇತ್ತು, ಇಲ್ಲ ಅನ್ನುವಂತಿಲ್ಲ. ಟೆಕ್ಸಾಸ್‌ನಲ್ಲಿ ಎಂಟು ಲಕ್ಷ ಎಕರೆ ಮೀರಿದ ದನಗಾವಲು, ಸಾಲದ್ದಕ್ಕೆ 1933ರಿಂದ ಎಣ್ಣೆ ಕಂಪನಿಯ ಗುತ್ತಿಗೆ. ರಾಬರ್ಟ್ ಕ್ಲೆಬರ್ಗ್ ಜೂನಿಯರ್ (1896–1974) ಅವರ ಅಜ್ಜ ರಿಚರ್ಡ್ ಕಿಂಗ್, ನದಿಯ ಉಗಿಹಡಗಿನ ಕಪ್ತಾನ, 1853ರಲ್ಲಿ ಹಾಕಿದ ಪಾಯ ಅದು. ಆದರೆ ಕುದುರೆ ವಿಷಯದಲ್ಲಿ ಕೆಲಸ ಮಾಡಿದ್ದು ರೊಕ್ಕಕ್ಕಿಂತ ಲೆಕ್ಕ.

1915ರಲ್ಲಿ ಹುಟ್ಟಿದ 'ಓಲ್ಡ್ ಸಾರೆಲ್' ಎಂಬ ಕೆಂಗಂದು ಬಣ್ಣದ ಗಂಡನ್ನು, ಅದಿನ್ನೂ ತಾಯಿ ಮೊಲೆ ಬಿಡದ ಮರಿಯಾಗಿದ್ದಾಗ, ತಾಯಿ ಸಮೇತ ಕೊಂಡರು. ಬೆಳೆದ ಮೇಲೆ ರ್‍ಯಾಂಚಿನ ಒಳ್ಳೊಳ್ಳೆ ಹೆಣ್ಣುಗಳಿಗೆ ಹಾಯಿಸಿದರು. ಅದರ ಮಗ ಸೋಲಿಸ್‌ನನ್ನು ಬೇರೆ ತಾಯಂದಿರಿಗೆ ಹುಟ್ಟಿದ ಓಲ್ಡ್ ಸಾರೆಲ್‌ನ ಹೆಣ್ಣುಮಕ್ಕಳಿಗೇ, ಅಂದರೆ ಮಲ-ತಂಗಿಯರಿಗೇ, ಕೂಡಿಸಿದರು. ಹಾಗೆ ಹುಟ್ಟಿದ್ದು ವಿಂಪಿ: ತಂದೆ ಕಡೆಯಿಂದಲೂ ತಾಯಿ ಕಡೆಯಿಂದಲೂ ಓಲ್ಡ್ ಸಾರೆಲ್‌ನ ಮೊಮ್ಮಗ. 1940ರಲ್ಲಿ ಹುಟ್ಟಿದ ಕ್ವಾರ್ಟರ್ ಹಾರ್ಸ್ (ದನ ಕಾಯಲು ಬಳಸುವ ಅಮೆರಿಕದ ಕುದುರೆ ತಳಿ) ಸಂಘ, 1941ರ ಫೋರ್ಟ್‌ವರ್ತ್ ಪ್ರದರ್ಶನದಲ್ಲಿ ಗೆದ್ದ ಗಂಡಿಗೆಂದು ವಂಶಾವಳಿಯ 1ನೇ ನಂಬರ್ ತೆಗೆದಿಟ್ಟಿತ್ತು. ಅದು ವಿಂಪಿಗೆ ಸಿಕ್ಕಿತು.

ನೋಡಬೇಕಾದ್ದು ಇನ್ನೊಂದಿದೆ. ರಕ್ತ ಹತ್ತಿರ ತಂದಷ್ಟೇ ಗಟ್ಟಿಯಾಗಿ ಕಳೆಯನ್ನೂ ಕೀಳಬೇಕು. ತಡಿ ಹಾಕಿ ದನದ ಹಿಂದೆ ದುಡಿಸಿ ನೋಡಿ, ಸೋತದ್ದನ್ನು ತಳಿಗೆ ಬಿಡಬಾರದು. ಈ ಎರಡನೇ ಭಾಗ ಬಿಟ್ಟವರಿಗೆ ಪೆಟ್ಟು ಬಿದ್ದಿದೆ. ಅದೇ ಕ್ವಾರ್ಟರ್ ಹಾರ್ಸ್ ತಳಿಯಲ್ಲಿ ಮುಂದೆ 'ಇಂಪ್ರೆಸಿವ್' ಎಂಬ ಒಂದು ಗಂಡು ವಿಪರೀತ ಬಳಕೆಯಾಗಿ, ಸ್ನಾಯು ನಡುಗಿ ಕುದುರೆ ಕುಸಿದುಬೀಳುವ ಎಚ್‌ವೈಪಿಪಿ ಎಂಬ ವಂಶದ ರೋಗ ಸಾವಿರಾರು ಮರಿಗಳಿಗೆ ಹರಡಿತು. ಮೈಕಟ್ಟು ಮಾತ್ರ ನೋಡಿ ಆರಿಸಿದ್ದರ ಫಲ.

ರೇಸಿನ ಕಡೆಯೂ ಕ್ಲೆಬರ್ಗ್ ಅವರ ಕೈ ಇತ್ತು. ಅವರ 'ಅಸಾಲ್ಟ್' ಎಂಬ ಕುದುರೆ ಮರಿಯಾಗಿದ್ದಾಗ ಚೂಪಾದದ್ದೇನೋ ಚುಚ್ಚಿ ಮುಂಗಾಲ ಗೊರಸು ವಿಕಾರವಾಗಿತ್ತು. ಆದರೂ 1946ರಲ್ಲಿ ಅಮೆರಿಕದ ಟ್ರಿಪಲ್ ಕ್ರೌನ್, ಅಂದರೆ ಮೂರು ದೊಡ್ಡ ರೇಸುಗಳನ್ನೂ, ಗೆದ್ದಿತು.

ನನ್ನ ಹಂತ್ಯಾಕ ನಾಕು ಹೆಣ್ಣು, ಒಂದು ಗಂಡು ಅದಾವು. ಹಿಂಗ ಮಾಡಬಹುದೇನ್ರಿ? ಎರಡು ಸರತಿ ಹಾಯಿಸಿದ್ರೂ ಗಬ್ಬ ನಿಂತಿಲ್ಲ. – ಓದುಗರು, ಇಂಡಿ ತಾಲ್ಲೂಕು

ನಾಲ್ಕರಲ್ಲಿ ಮಾಡಬೇಡಿ. ಮಲ-ಅಣ್ಣತಂಗಿ ಕೂಡಿದರೆ ಮರಿಯ ಒಳಸಂಬಂಧ (ತಂದೆ-ತಾಯಿ ಎರಡೂ ಕಡೆಯಿಂದ ಒಂದೇ ಹಿರಿಯನ ಅದೇ ವಂಶವಾಹಿ ಬರುವ ಸಂಭವ) ಶೇ 12.5, ತಂದೆ-ಮಗಳು ಕೂಡಿದರೆ ಶೇ 25. ಮರಿಗಳು ಬೆದೆಗೆ ಬರುವ ಹೊತ್ತಿಗೆ ನಿಮ್ಮಲ್ಲಿ ಉಳಿಯುವುದು ಎರಡನೆಯದೇ. ಹೆಣ್ಣುಮರಿಗೆ ಮೂರು ತುಂಬುವುದರೊಳಗೆ ಗಂಡು ಬದಲಿಸಿ. ನೀವಿರುವುದು ಭೀಮಾ ದಂಡೆ. ಭೀಮಥಡಿ ಕುದುರೆಯನ್ನು ಕರ್ನಾಲಿನ ರಾಷ್ಟ್ರೀಯ ಪಶು ತಳಿ ಬ್ಯೂರೊ ಈಗ ಪ್ರತ್ಯೇಕ ತಳಿ ಎಂದು ನೋಂದಾಯಿಸಿದೆ, ಆ ಕಡೆಯ ಗಂಡು ಹುಡುಕುವುದು ಮೇಲು. ತರುವ ಮುಂಚೆ ಗ್ಲಾಂಡರ್ಸ್‌ಗೆ ರಕ್ತಪರೀಕ್ಷೆ ಮಾಡಿಸಿ, ಪಶು ಆಸ್ಪತ್ರೆಯ ಮೂಲಕ ಮಾದರಿ ಹೋಗುತ್ತದೆ. ಅದು ಮನುಷ್ಯರಿಗೂ ಅಂಟುವ ರೋಗ.

ಗಬ್ಬ ನಿಲ್ಲದಿರಲು ಬಹಳ ಸಲ ಕಾರಣ ದಿನದ ಲೆಕ್ಕ. ಬೆದೆ ಸುಮಾರು 21 ದಿನಕ್ಕೊಮ್ಮೆ ಬಂದು 5–7 ದಿನ ಇರುತ್ತದೆ. ತತ್ತಿ ಬಿಡುವುದು ಬೆದೆ ಮುಗಿಯುವ ಒಂದೆರಡು ದಿನ ಮೊದಲು. ಬಾಲ ಎತ್ತಿ ಚೂರು ಚೂರು ಉಚ್ಚೆ ಹಾಕಿದ ಮೊದಲ ದಿನವೇ ಹಾಯಿಸಿ ಕೈತೊಳೆದುಕೊಂಡರೆ ವೀರ್ಯ ತತ್ತಿಯ ದಾರಿ ಕಾದು ಸಾಯುತ್ತದೆ. ಮೂರನೇ ದಿನದಿಂದ ದಿನ ಬಿಟ್ಟು ದಿನ, ಹೆಣ್ಣು ಒದೆಯಲು ಶುರು ಮಾಡುವವರೆಗೆ ಹಾಯಿಸಿ. ಹಾಯಿಸಿದ ಮೇಲೆ 14–16ನೇ ದಿನಕ್ಕೆ ಸ್ಕ್ಯಾನ್ ಮಾಡಿಸಿ. ಅವಳಿ ಕಂಡರೆ ಡಾಕ್ಟರು ಆಗಲೇ ಒಂದನ್ನು ತೆಗೆಯುತ್ತಾರೆ. ಬಿಟ್ಟರೆ ಸಾಮಾನ್ಯವಾಗಿ ಎರಡೂ ಕೈತಪ್ಪುತ್ತವೆ. ಈಯಲು ಸುಮಾರು 340 ದಿನ.

ಹಸಿ ಜೋಳ ಕೊಯ್ದು ಹಾಕಿದ ಮ್ಯಾಲ ಕುದುರಿ ಹಿಂಗಾಲು ಎಳೀತದ, ಉಚ್ಚೆ ತೊಟ್ಟಿಕ್ಕತದ. ಯಾಕ್ರಿ? – ಓದುಗರು, ಅಥಣಿ

ಇವತ್ತೇ ನಿಲ್ಲಿಸಿ. ಹಸಿ ಜೋಳ, ಸುಡಾನ್ ಹುಲ್ಲಿನಲ್ಲಿ ಸೈನೈಡ್ ಬಿಡುವ ಅಂಶ ಇದೆ. ವಾರಗಟ್ಟಲೆ ಮೇಯ್ದ ಕುದುರೆಯಲ್ಲಿ ಬೆನ್ನುಹುರಿಯ ನರ ಕೆಟ್ಟು, ಮೂತ್ರಕೋಶ ಹಿಡಿತ ತಪ್ಪುತ್ತದೆ. ಗಬ್ಬದ ಹೆಣ್ಣಾದರೆ ಕಂದು ಹಾಕಬಹುದು, ಇಲ್ಲವೇ ಮರಿಯ ಕೀಲು ಸೆಟೆದು ಹುಟ್ಟಬಹುದು. ಎತ್ತಿಗೆ ಆಗಿಬರುವುದೆಲ್ಲ ಕುದುರೆಗೆ ಆಗಿಬರುವುದಿಲ್ಲ. ಚೆನ್ನಾಗಿ ಒಣಗಿದ ಕಣಕಿಯಲ್ಲಿ ಅಪಾಯ ಕಡಿಮೆ, ಬೂಸು ಹಿಡಿದಿರಬಾರದು ಅಷ್ಟೇ.

ಎಷ್ಟು ಹಾಕಬೇಕು? ಟೇಪು ಹಿಡಿಯಿರಿ: ಎದೆ ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಭುಜದಿಂದ ಕುಂಡೆ ಎಲುಬಿನ ತುದಿವರೆಗಿನ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಸೆಂಟಿಮೀಟರಿನಲ್ಲಿ 150 ಮತ್ತು 140 ಬಂದರೆ ತೂಕ ಸುಮಾರು 265 ಕಿಲೊ. ಅದರ ಶೇ 2, ಅಂದರೆ 5.3 ಕಿಲೊ ಒಣ ಮೇವು-ಕಾಳು ಸೇರಿ, ಅದರಲ್ಲಿ ಬಹುಪಾಲು ಮೇವೇ ಇರಲಿ. ಗೋಧಿ ತೌಡು ಹೆಚ್ಚು ಹಾಕಿದರೆ ರಂಜಕ ಏರಿ, ಮೈ ಎಲುಬಿನಿಂದ ಸುಣ್ಣ ಎಳೆದುಕೊಂಡು ದವಡೆ ಊದುತ್ತದೆ. ಕುದುರೆ ಮಸಾಲೆ ಸೊಪ್ಪು ಸುಣ್ಣದ ಕೊರತೆ ತುಂಬುತ್ತದೆ, ಹೆಸರಲ್ಲೇ ಕುದುರೆ ಇದೆಯಲ್ಲ.

ಈದ ಮ್ಯಾಲ ಕಸ ಎಷ್ಟೊತ್ತಿಗೆ ಬೀಳಬೇಕ್ರಿ? – ಓದುಗರು, ಜಮಖಂಡಿ

ಕಸ, ಅಂದರೆ ಮಾಸು, ಮೂರು ತಾಸಿನೊಳಗೆ ಬೀಳಬೇಕು. ಆಕಳಿಗೆ ಕಾದಂತೆ ರಾತ್ರಿಯಿಡೀ ಕಾಯಬೇಡಿ. ಕುದುರೆಯಲ್ಲಿ ನಂಜು ರಕ್ತಕ್ಕಿಳಿದು ಗೊರಸಿಗೆ ಬಾವು ಬರುತ್ತದೆ, ಅದು ಬಂದ ಮೇಲೆ ಕುದುರೆ ಎದ್ದು ನಡೆಯುವುದೇ ಕಷ್ಟ. ಕಲ್ಲು ಕಟ್ಟಿ ತೂಗಬಿಡಬೇಡಿ, ಕೈಯಿಂದ ಎಳೆಯಬೇಡಿ, ಗರ್ಭಚೀಲ ಹರಿಯುತ್ತದೆ. ತೊಡೆಗೆ ತಾಗದಂತೆ ಮೇಲೆ ಗಂಟು ಹಾಕಿ ಡಾಕ್ಟರನ್ನು ಕರೆಯಿರಿ. ಬಿದ್ದ ಕಸವನ್ನು ಬಕೆಟ್ಟಿನಲ್ಲಿ ಇಟ್ಟಿರಿ, ಅವರು ಹರಡಿ ನೋಡಿ ತುಣುಕು ಒಳಗೆ ಉಳಿದಿದೆಯೋ ಹೇಳುತ್ತಾರೆ. ಮರಿ ಒಂದು ತಾಸಿನಲ್ಲಿ ನಿಲ್ಲಬೇಕು, ಎರಡರಲ್ಲಿ ಗಿಣ್ಣದ ಹಾಲು ಕುಡಿಯಬೇಕು.