ಇಯರ್‌ಫೋನ್ ತೆಗೀರಿ, ದಿಂಡಿ ಸೇರ್ಕೊಳ್ಳಿ

ಪುಣೆಯ ನಿಗಡಿಯಿಂದ ಓದುಗರೊಬ್ಬರು ಬರೆದಿದ್ದಾರೆ. ಹೋದ ಆಷಾಢದಲ್ಲಿ ಆಳಂದಿಯಿಂದ ಪಂಢರಪುರದ ವಿಠಲನ ಗುಡಿಗೆ ಕಾಲ್ನಡಿಗೆಯ ವಾರಿ ಅಂತ ಒಬ್ಬರೇ ಹೊರಟು, ಜ್ಞಾನೇಶ್ವರರ ಪಾದುಕೆ ಹೊತ್ತ ಪಾಲ್ಖಿ ಪಕ್ಕದಲ್ಲೇ ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಪ್ರವಚನ ಕೇಳ್ತಾ ನಡೆದು, ಜೇಜುರಿಯಲ್ಲಿ ಬಸ್ ಹತ್ತಿ ವಾಪಸ್ ಬಂದ್ರಂತೆ. "ಮಗ ಒಳ್ಳೆ ಶೂ, ಮೂರು ತಿಂಗಳ ಪ್ರಾಕ್ಟೀಸ್ ಇದ್ರೆ ಸಾಕು ಅಂತಾನೆ. ನನಗೆ ಕಾಲಿಗಿಂತ ಮೊದಲು ಮನಸ್ಸು ಸೋತಿತ್ತು. ಹಾಡ್ತಾ ನಡೆಯೋ ಗುಂಪು, ಒಂದು ದಿಂಡಿ ಸೇರೋಣ ಅಂದ್ರೆ ನಾನು ಕನ್ನಡದವಳು, ಮರಾಠಿ ಅಭಂಗ ಹಾಡೋಕೆ ಬರಲ್ಲ. ಆ ಬಲ ಎಲ್ಲಿಂದ ತರ್ಲಿ?"

ಅಕ್ಕ, ನಿಮ್ಮ ಮಗ ಹೇಳಿದ್ದು ಸುಳ್ಳಲ್ಲ, ಸುಮಾರು 250 ಕಿಲೋಮೀಟರ್ ದಾರಿ, ಶೂ ಸರಿ ಇರಲಿ, ನೀರು ಕುಡೀರಿ. ಅಲ್ಲಿಗೆ ಆ ವಿಷಯ ಮುಗೀತು.

ಆದ್ರೆ ನಿಮ್ಮ ಮೇಲೆ ಸ್ವಲ್ಪ ಸಿಟ್ಟಿದೆ ನಂಗೆ. ಸುತ್ತ ಲಕ್ಷಾಂತರ ಜನ ಹಾಡ್ತಾ ಹೋಗ್ತಿರುವಾಗ ಕಿವಿ ಮುಚ್ಕೊಂಡು ನಡೆದು, ಆಮೇಲೆ ಬಲ ಎಲ್ಲಿ ಅಂತ ಕೇಳ್ತೀರಲ್ಲ! ನಾನು ದಿವೇ ಘಾಟ್ ಹತ್ತಿದ ದಿನ ನೋಡಿದ್ದು ಹೇಳ್ತೀನಿ. ಪುಣೆಯಿಂದ ಸಾಸವಡಕ್ಕೆ ಹೋಗೋ ಆ ದಿನ ಉದ್ದದ ದಾರಿ, ಕೊನೆಗೆ ಏರು, ಮೇಲಿಂದ ಮಳೆ. ನನ್ನ ಮುಂದಿನ ಸಾಲಿನಲ್ಲಿ ಒಬ್ಬ ಅಜ್ಜನಿಗೆ ಉಸಿರು ಸಾಲದೆ ಹಾಡು ನಿಂತೇ ಹೋಯ್ತು, ತಾಳ ಮಾತ್ರ ಬಿಡ್ಲಿಲ್ಲ, ಪಕ್ಕದವನು ಅದೇ ಸಾಲನ್ನ ಎತ್ಕೊಂಡ, ನಾಲ್ಕು ತಿರುವು ಆದ್ಮೇಲೆ ಅಜ್ಜ ಮತ್ತೆ ಸೇರ್ಕೊಂಡ್ರು. ವೀಣೆ ಹಿಡಿದವನು ದಣಿದಾಗ ವೀಣೆ ಕೆಳಗಿಡ್ಲಿಲ್ಲ, ಇನ್ನೊಬ್ಬನ ಕೊರಳಿಗೆ ಹಾಕಿ ಅವನ ಕಾಲು ಮುಟ್ಟಿದ, ಅವನೂ ಇವನ ಕಾಲು ಮುಟ್ಟಿದ. ನಿಮಗೆ ಬೇಕಿದ್ದ ಬಲ ಅದೇ ಅಕ್ಕ, ನಿಮ್ಮಿಂದ ಹತ್ತೇ ಮಾರು ದೂರದಲ್ಲಿತ್ತು.

ಇನ್ನು ಕನ್ನಡದವಳು ಅನ್ನೋ ಮಾತು. ಜ್ಞಾನೇಶ್ವರರೇ ವಿಠಲನನ್ನ ಕಾನಡಾ, ಕರ್ನಾಟಕು ಅಂತ ಕರೆದಿದ್ದಾರೆ. ನಮ್ಮ ದಾಸರ ಅಂಕಿತಗಳಲ್ಲಿ ಎಷ್ಟು ವಿಠಲರು ಎಣಿಸಿ ನೋಡಿ. ಆ ಪಾಲ್ಖಿಯ ಮುಂದೆ ಹೋಗೋ ಎರಡು ಕುದುರೆ ಇವೆಯಲ್ಲ, ಒಂದರ ಮೇಲೆ ಯಾರೂ ಕೂರಲ್ಲ, ಅದು ಮಾವುಲಿಯದು, ಅಂದ್ರೆ ಜ್ಞಾನೇಶ್ವರರದು ಅಂತ, ಅವು ಬರೋದು ನಮ್ಮ ಬೆಳಗಾವಿ ಜಿಲ್ಲೆಯ ಅಂಕಲಿಯಿಂದ. ಅಂಕಲಿಯ ಕುದುರೆ ನಡೆಯೋ ದಾರೀಲಿ ನೀವು ಹೊರಗಿನವರು ಹೇಗಾಗ್ತೀರಿ? ಅಲ್ಲಿ ಎಲ್ಲರೂ ಎಲ್ಲರನ್ನೂ ಕರೆಯೋದು ಮಾವುಲಿ ಅಂತಲೇ, ತಾಯಿ ಅಂತ.

ದಿಂಡಿಯಲ್ಲಿ ಎಲ್ಲಾ ಚೆನ್ನ ಅಂತಲ್ಲ. ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆಯವರು ವಾರಿ ನಡೆದು ಬರೆದಾಗ, ಒಂದೇ ದಿಂಡಿಯಲ್ಲಿ ಜಾತಿಗೊಂದು ಪಂಕ್ತಿ ಊಟ ಕಂಡು ನೊಂದಿದ್ರು. ಪಂಢರಪುರದ ಗುಡಿಯೊಳಗೆ ದಲಿತರಿಗೆ ಪ್ರವೇಶ ಸಿಗ್ಲಿ ಅಂತ 1947ರಲ್ಲಿ ಮರಾಠಿ ಲೇಖಕ ಸಾನೆ ಗುರೂಜಿ ಉಪವಾಸ ಕೂರಬೇಕಾಯ್ತು. ಆದ್ರೂ ದಿಂಡಿಗಳೆಲ್ಲ ಸೇರೋ ಸಂಜೆಯ ಸಮಾಜ ಆರತಿ ನೋಡಿ, ಮೆರವಣಿಗೆಯ ಶಿಸ್ತು ನೋಡಿಕೊಳ್ಳೋ ಚೋಪದಾರ ಬೆಳ್ಳಿ ಕೋಲು ಎತ್ತಿದ್ರೆ ಅಷ್ಟೂ ತಾಳ ಗಪ್‌ಚುಪ್, ದೂರು ಇರೋ ದಿಂಡಿ ಮಾತ್ರ ಬಾರಿಸ್ತಾನೇ ಇರುತ್ತೆ, ಚೋಪದಾರ ಹೋಗಿ ಕೇಳಲೇಬೇಕು.

ನಂಗೆ ಬೇಜಾರು ಏನಂದ್ರೆ ಈ ಇಯರ್‌ಫೋನ್ ವಾರಿಗೆ ಮಾತ್ರ ಬಂದಿದ್ದಲ್ಲ. ಮುಂಬೈ ಚಾಳುಗಳಲ್ಲಿ ನಮ್ಮವರ ಶನಿವಾರದ ಭಜನೆಗೆ ರಾಗ ಬರದವರೂ ತಾಳ ಹಿಡೀತಿದ್ರು. ಚಾಳು ಹೋಗಿ ಟವರ್ ಬಂತು, ನಮ್ಮ ಬಿಲ್ಡಿಂಗಲ್ಲಿ ಭಜನೆ ಗಲಾಟೆ ಅಂತ ಕಂಪ್ಲೇಂಟ್ ಆಗಿ ನಿಂತೇ ಹೋಯ್ತು, ಈಗ ಅದೇ ಜನ ಒಬ್ಬೊಬ್ಬರೇ ರೂಮಲ್ಲಿ ಮೊಬೈಲಲ್ಲಿ ದಾಸರ ಪದ ಕೇಳ್ತಾ ನಿದ್ದೆ ಬರಲ್ಲ ಅಂತ ಡಾಕ್ಟರ್ ಹತ್ರ ಹೋಗ್ತಾರೆ.

ಈ ಸಲ ಆಷಾಢಕ್ಕೆ ಮೊದಲೇ ಒಂದು ದಿಂಡಿಯಲ್ಲಿ ಹೆಸರು ಬರೆಸಿ, ಹಾಸಿಗೆ ಗಂಟು ಅವರ ಟ್ರಕ್ಕಿಗೆ ಹಾಕಿ. ಅಷ್ಟರಲ್ಲಿ ಜ್ಞಾನೇಶ್ವರರ ಅಭಂಗಗಳ ಹರಿಪಾಠ ಬಾಯಿಪಾಠ ಆಗದಿದ್ರೂ ಪರವಾಗಿಲ್ಲ, ಒಂದು ಜೊತೆ ತಾಳ ತಗೊಳ್ಳಿ. ಜೇಜುರಿ ದಾಟಿ ವಾಲ್ಹೆ ಮುಟ್ಟಿದ ರಾತ್ರಿ ನಂಗೊಂದು ಪತ್ರ ಹಾಕಿ, ಕಾಯ್ತಿರ್ತೀನಿ.

– ಸಂ.