ಅಮ್ಮನಿಗೆ ಬೈಕಿನ ವಿಷಯ ಹೇಗೆ ಹೇಳಲಿ?

ಪ್ರಶ್ನೆ: ನನಗೆ 31 ವರ್ಷ. ಊರು ಅರಸೀಕೆರೆಯ ಹತ್ತಿರ, ಕೆಲಸ ಬೆಂಗಳೂರಿನಲ್ಲಿ. ಎಂಟು ತಿಂಗಳ ಹಿಂದೆ ಸ್ವಂತ ದುಡ್ಡಿನಲ್ಲಿ ರಾಯಲ್ ಎನ್‌ಫೀಲ್ಡ್ ಮೀಟಿಯರ್ 350 ಕೊಂಡು ಓಡಿಸಲು ಕಲಿತೆ. ಭಾನುವಾರ ಗೆಳತಿಯರ ಜೊತೆ ಮಾಗಡಿ, ಶ್ರೀರಂಗಪಟ್ಟಣದವರೆಗೆ ಹೋಗಿಬರುತ್ತೇನೆ. ಮನೆಯಲ್ಲಿ ತಮ್ಮನನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ. ನಾನು ಹತ್ತನೇ ತರಗತಿಯಲ್ಲಿದ್ದಾಗ ಅಮ್ಮನ ತಮ್ಮ, ನನ್ನ ಸೋದರಮಾವ, ಮದುವೆಯೊಂದನ್ನು ಮುಗಿಸಿಕೊಂಡು ರಾತ್ರಿ ಬೈಕಿನಲ್ಲಿ ಬರುವಾಗ ದೀಪವಿಲ್ಲದೆ ನಿಂತಿದ್ದ ಟ್ರ್ಯಾಕ್ಟರ್ ಟ್ರೇಲರಿಗೆ ಬಡಿದು ತೀರಿಕೊಂಡರು. ಅದೇ ವರ್ಷ ಅಪ್ಪ ತಾವು ಓಡಿಸುತ್ತಿದ್ದ ಯೆಜ್ಡಿ ಬೈಕನ್ನು ಮಾರಿಬಿಟ್ಟರು. ತಮ್ಮನಿಗೂ ಬೈಕ್ ಕೊಡಿಸಲಿಲ್ಲ. ಕಳೆದ ವಾರ ಚಿಕ್ಕಮ್ಮನ ಮಗಳು ಇನ್‌ಸ್ಟಾಗ್ರಾಮಿನಲ್ಲಿ ಗೆಳತಿ ಹಾಕಿದ ಫೋಟೊ ನೋಡಿ ‘ಅಕ್ಕ, ಇದು ನೀನೇನಾ?’ ಎಂದು ಕೇಳಿದಳು. ಮನೆಯಲ್ಲಿ ಗಂಡು ನೋಡುತ್ತಿದ್ದಾರೆ. ಬೈಕ್ ಮಾರಿಬಿಡಲೇ? ಹೇಳುವುದಾದರೆ ಮೊದಲು ಯಾರಿಗೆ ಹೇಳಲಿ? ಅಪ್ಪನನ್ನು ಮೊದಲು ಒಪ್ಪಿಸಿಕೊಂಡರೆ ಸುಲಭ ಎನ್ನುತ್ತಾನೆ ತಮ್ಮ.

ಉತ್ತರ: ಬೈಕನ್ನು ಮಾರಬೇಡಿ. ಮನೆಯಲ್ಲಿ ಹೇಳಿ, ಈ ತಿಂಗಳು ಮುಗಿಯುವುದರೊಳಗೆ ಹೇಳಿ. ನಿಮ್ಮ ಚಿಕ್ಕಮ್ಮನ ಮಗಳ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಕ್ಕಿಲ್ಲ, ಆದರೆ ಅವಳು ಆ ಪ್ರಶ್ನೆ ಕೇಳಿದ ದಿನವೇ ಸುದ್ದಿ ನಿಮ್ಮ ಕೈಬಿಟ್ಟು ಹೊರಟಿದೆ. ತಂಗಿಯ ಮನೆಯಿಂದ ಫೋನ್ ಬಂದು ವಿಷಯ ತಿಳಿದರೆ, ಮಗಳು ಬೈಕ್ ಓಡಿಸುತ್ತಾಳೆ ಎಂಬುದರ ಜೊತೆಗೆ, ಎಲ್ಲರಿಗೂ ಗೊತ್ತಿದ್ದದ್ದು ತನಗೊಬ್ಬಳಿಗೆ ಗೊತ್ತಿರಲಿಲ್ಲ ಎಂಬುದನ್ನೂ ನಿಮ್ಮ ಅಮ್ಮ ಅದೇ ಗಳಿಗೆಯಲ್ಲಿ ನುಂಗಿಕೊಳ್ಳಬೇಕಾಗುತ್ತದೆ. ಮೊದಲನೆಯದರ ಭಯ ದಿನ ಕಳೆದಂತೆ ತಗ್ಗಬಹುದು, ಎರಡನೆಯದರ ನೋವು ಅಷ್ಟು ಬೇಗ ಮಾಯುವಂಥದ್ದಲ್ಲ.

ನಿಮ್ಮ ತಮ್ಮನ ಸಲಹೆಯನ್ನು ನಾನು ಒಪ್ಪಲಾರೆ. ಯೆಜ್ಡಿ ಓಡಿಸಿದ ಅಪ್ಪನಿಗೆ ಮಗಳ ಆಸೆ ಬೇಗ ಅರ್ಥವಾದೀತು ಎಂಬುದು ನಿಜವೇ. ಆದರೆ ತೀರಿಕೊಂಡವರು ಅಮ್ಮನ ಒಡಹುಟ್ಟಿದವರು. ಗಂಡ, ಮಗ, ಮಗಳು ಮೂವರೂ ಮೊದಲೇ ಮಾತಾಡಿಕೊಂಡು ಬಂದು ಎದುರು ಕುಳಿತರೆ, ಹದಿನೈದು ವರ್ಷಗಳಿಂದ ಅವರೊಳಗೆ ಆರದೆ ಉಳಿದಿರುವ ದುಃಖ ಆ ಕ್ಷಣದಲ್ಲಿ ನಿಮ್ಮೆಲ್ಲರ ಕಣ್ಣಿಗೆ ಬರೀ ಹಠವಾಗಿ ಕಾಣತೊಡಗುತ್ತದೆ. ಆದ್ದರಿಂದ ಅಮ್ಮನಿಗೇ ಮೊದಲು ಹೇಳಿ, ನೀವೊಬ್ಬರೇ ಹೇಳಿ.

ತಮ್ಮನಿಗೂ ಬೈಕ್ ಕೊಡಿಸಲಿಲ್ಲ ಎಂದು ಬರೆದಿದ್ದೀರಲ್ಲ, ಆ ಸಾಲನ್ನು ನಾನು ಎರಡು ಸಲ ಓದಿದೆ. ಹೆಣ್ಣುಮಗಳೆಂಬ ಕಾರಣಕ್ಕಷ್ಟೇ ಅಮ್ಮ ಬೇಡವೆನ್ನುವವರಾಗಿದ್ದರೆ ನಿಮ್ಮ ತಮ್ಮನಿಗೆ ಎಂದೋ ಬೈಕ್ ಸಿಕ್ಕಿರುತ್ತಿತ್ತು. ಹಾಗಾಗಿ ‘ಹೆಣ್ಣುಮಕ್ಕಳು ಯಾವುದರಲ್ಲಿ ಕಡಿಮೆ’ ಎಂಬ ಮಾತನ್ನು ಅವರ ಮುಂದೆ ಎತ್ತಬೇಡಿ. ಆ ಮಾತು ಸತ್ಯ, ಹೇಳಬೇಕಾದ ಕಡೆ ಗಟ್ಟಿಯಾಗಿಯೇ ಹೇಳಿ, ಆದರೆ ನಿಮ್ಮ ಅಮ್ಮ ಕೇಳುತ್ತಿರುವ ಪ್ರಶ್ನೆಯೇ ಬೇರೆ.

ಹಬ್ಬದ ದಿನ, ಮನೆ ತುಂಬ ಜನರಿರುವಾಗ ಈ ವಿಷಯ ತೆಗೆಯಬೇಡಿ. ಯಾವುದಾದರೂ ಶನಿವಾರ ಬಸ್ಸಿನಲ್ಲೋ ರೈಲಿನಲ್ಲೋ ಊರಿಗೆ ಹೋಗಿ. ಬೈಕನ್ನೇ ಓಡಿಸಿಕೊಂಡು ಹೋಗಿ ಅಂಗಳದಲ್ಲಿ ನಿಲ್ಲಿಸಿದರೆ ಎಲ್ಲರೂ ಬೆರಗಾಗಿ ಒಪ್ಪಿಬಿಡುತ್ತಾರೆ ಎಂದು ಎಣಿಸುವವರಿದ್ದಾರೆ. ಒಡಹುಟ್ಟಿದವನನ್ನು ಹಾಗೆ ಕಳೆದುಕೊಂಡವರ ಮನೆಯಲ್ಲಿ ಅದು ಕ್ರೌರ್ಯವಾಗುತ್ತದೆ. ಊಟವಾದ ಮೇಲೆ ಅಮ್ಮ ಅವರೆಕಾಯಿ ಸುಲಿಯುತ್ತ ಕುಳಿತಾಗ ನೀವೂ ಪಕ್ಕದಲ್ಲಿ ಕುಳಿತು ಒಂದು ಹಿಡಿ ಕಾಯಿ ತೆಗೆದುಕೊಳ್ಳಿ. ಕೈಗೆ ಕೆಲಸವಿದ್ದು, ಒಬ್ಬರ ಮುಖ ಒಬ್ಬರು ನೋಡಲೇಬೇಕೆಂಬ ಒತ್ತಾಯವಿಲ್ಲದಿದ್ದರೆ ಇಂಥ ಮಾತು ಆಡುವುದೂ ಕೇಳುವುದೂ ಎರಡೂ ಹಗುರವಾಗುತ್ತದೆ. ‘ಅಮ್ಮ, ನಾನೊಂದು ಬೈಕ್ ತಗೊಂಡಿದ್ದೀನಿ. ಎಂಟು ತಿಂಗಳಾಯ್ತು. ನಿನಗೆ ಹೇಳೋಕೆ ಹೆದರಿಕೊಂಡಿದ್ದೆ. ಮಾವನ ನೆನಪು ನನಗೂ ಇದೆ.’ ಇಷ್ಟು ಹೇಳಿ ಸುಮ್ಮನಾಗಿ. ಓಡಿಸಲೇ ಎಂದು ಕೇಳಬೇಡಿ. ಕೇಳಿದರೆ ಬೇಡವೆನ್ನುವುದೇ ತನ್ನ ಕರ್ತವ್ಯ ಎಂದು ಅವರಿಗೆ ಅನ್ನಿಸುತ್ತದೆ. ಅವರು ಅತ್ತರೆ ಅಳಲಿ, ಬೈದರೆ ಬೈಯಲಿ. ಆ ರಾತ್ರಿಯ ವಿಷಯವನ್ನು ಅವರು ತಾವಾಗಿಯೇ ತೆಗೆದರೆ, ಎಷ್ಟೇ ಹೊತ್ತಾಗಲಿ, ನಡುವೆ ಬಾಯಿ ಹಾಕದೆ ಕೇಳಿ.

‘ನನಗೇನೂ ಆಗಲ್ಲ’ ಎಂದು ಮಾತ್ರ ಹೇಳಬೇಡಿ. ಆ ಮಾತನ್ನು ಯಾರೂ ಯಾರಿಗೂ ಕೊಡಲಾರರು, ಅದು ನಿಮ್ಮ ಅಮ್ಮನಿಗೆ ನಿಮಗಿಂತ ಚೆನ್ನಾಗಿ ಗೊತ್ತಿದೆ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು, ಅವರಲ್ಲಿ ಶೇ 44.5ರಷ್ಟು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು, 50,029 ಮಂದಿ ಹೆಲ್ಮೆಟ್ ಹಾಕದೆ ಇದ್ದವರು. ಈ ಅಂಕಿಗಳನ್ನು ಅಮ್ಮನಿಗೆ ಓದಿ ಹೇಳಲೆಂದು ಕೊಡುತ್ತಿಲ್ಲ. ಅವರ ಹೆದರಿಕೆಗೆ ಎಷ್ಟು ಆಧಾರವಿದೆ ಎಂಬುದು ನಿಮಗೆ ತಿಳಿದಿರಲಿ ಎಂದು ಕೊಡುತ್ತಿದ್ದೇನೆ.

ಹಾಗಿದ್ದರೆ ಏನನ್ನು ಮಾತು ಕೊಡಬಹುದು? ನಿಮ್ಮ ಕೈಯಲ್ಲಿ ಇರುವುದನ್ನು ಮಾತ್ರ. ಐಎಸ್‌ಐ ಗುರುತಿನ ಹೆಲ್ಮೆಟನ್ನು ಪಟ್ಟಿ ಬಿಗಿದೇ ಹಾಕುತ್ತೇನೆ, ಕತ್ತಲಾದ ಮೇಲೆ ಊರಾಚೆಯ ರಸ್ತೆಯಲ್ಲಿ ಓಡಿಸುವುದಿಲ್ಲ, ಮನೆ ಸೇರಿದ ಕೂಡಲೇ ಫೋನ್ ಮಾಡುತ್ತೇನೆ. ಈ ಮೂರರಲ್ಲಿ ಎರಡನೆಯದು ಬಹಳ ದೊಡ್ಡ ಮಾತು, ಏಕೆಂದರೆ ನಿಮ್ಮ ಮಾವನ ಜೀವ ತೆಗೆದದ್ದು ಕತ್ತಲಲ್ಲಿ ನಿಂತಿದ್ದ ಟ್ರೇಲರ್, ಅದನ್ನು ಅಮ್ಮ ಬಾಯಿಬಿಟ್ಟು ಹೇಳದಿದ್ದರೂ ಮನಸ್ಸಿನಲ್ಲೇ ಕೂಡಿಸಿ ನೋಡುತ್ತಾರೆ. ಫೋನಿನ ವಿಷಯದಲ್ಲಿ ಒಂದು ಎಚ್ಚರಿಕೆ ಇರಲಿ: ಕಾಫಿಗೆ ನಿಂತಲ್ಲೆಲ್ಲ ಕರೆ ಮಾಡುತ್ತೇನೆಂದು ಒಪ್ಪಿಕೊಳ್ಳಬೇಡಿ. ಒಂದು ಕಡೆ ಸಿಗ್ನಲ್ ಸಿಗದೆ ಹೋದರೂ ಮುಂದಿನ ಒಂದು ಗಂಟೆ ಅವರ ಜೀವ ಕೈಯಲ್ಲಿರುವುದಿಲ್ಲ. ಹಿಂದಿರುಗುವ ಹೊತ್ತನ್ನು ಹೇಳುವಾಗಲೂ ನೀವು ಅಂದುಕೊಂಡದ್ದಕ್ಕಿಂತ ಒಂದು ಗಂಟೆ ಹೆಚ್ಚಿಗೆ ಹೇಳಿ. ಅವರ ಅಳು ನೋಡಲಾಗದೆ ‘ಇನ್ನು ಮುಟ್ಟುವುದೇ ಇಲ್ಲ’ ಎಂದು ಬಿಡುವ ಆಸೆಯೂ ನಿಮಗೆ ಬಂದೀತು. ಮುಂದಿನ ಭಾನುವಾರವೇ ಮುರಿದು ಹೋಗುವ ಆ ಮಾತಿನಿಂದ ಮತ್ತೊಂದು ಗುಟ್ಟು ಹುಟ್ಟುತ್ತದೆ.

ಅಪ್ಪನಿಗೆ ಅಂದು ಸಂಜೆಯೇ ತಿಳಿಸಿ. ಅವರು ಬಹುಶಃ ಕಾಗದಪತ್ರಗಳ ವಿಷಯ ಕೇಳುತ್ತಾರೆ. ನಿಮ್ಮ ಡಿಎಲ್ ಗೇರಿಲ್ಲದ ಸ್ಕೂಟರಿಗೆ ಮಾತ್ರ ಆದದ್ದಾಗಿದ್ದರೆ ಅದರಲ್ಲಿ ಈ ಬೈಕನ್ನು ಓಡಿಸುವಂತಿಲ್ಲ, ಏನಾದರೂ ಆದರೆ ವಿಮೆಗೂ ತೊಡಕಾಗುತ್ತದೆ. ಗೇರ್ ಬೈಕಿಗೆ ಎಲ್‌ಎಲ್‌ಆರ್ ಮಾಡಿಸಿ 30 ದಿನ ಕಳೆದ ಮೇಲೆ ಪರೀಕ್ಷೆ ಕೊಡಿ, ಅಲ್ಲಿಯವರೆಗೆ ಹೆದ್ದಾರಿಗೆ ಇಳಿಯಬೇಡಿ, ಆದರೆ ಮನೆಯಲ್ಲಿ ಹೇಳುವುದನ್ನು ಅದಕ್ಕಾಗಿ ಮುಂದೂಡಬೇಡಿ. ಶ್ರೀರಂಗಪಟ್ಟಣದ ದಾರಿಯ ಬಗ್ಗೆಯೂ ಕೇಳಿಯಾರು: ಬೆಂಗಳೂರು–ಮೈಸೂರು ದಶಪಥದ ಮುಖ್ಯ ಮಾರ್ಗದಲ್ಲಿ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವಿಲ್ಲ, ಸರ್ವೀಸ್ ರಸ್ತೆಯಲ್ಲೇ ಹೋಗಬೇಕು.

ಅಪ್ಪನ ಹತ್ತಿರ ನೀವು ಕೇಳಬೇಕಾದ ವಿಷಯವೂ ಒಂದಿದೆ. ಮೈಸೂರಿನಲ್ಲಿ ತಯಾರಾಗುತ್ತಿದ್ದ, 1996ರಲ್ಲಿ ಕಾರ್ಖಾನೆ ಮುಚ್ಚಿದ ಮೇಲೂ ಜನ ಜೋಪಾನವಾಗಿ ಇಟ್ಟುಕೊಂಡಿದ್ದ ಗಾಡಿ ಆ ಯೆಜ್ಡಿ. ಗೇರಿನ ಲಿವರನ್ನೇ ಮೇಲೆತ್ತಿ ಕಿಕ್ ಹೊಡೆಯುವ ಆ ರೂಢಿ, ಅದನ್ನು ವರ್ಷಗಟ್ಟಲೆ ಓಡಿಸಿದವರ ಕಾಲಿನಿಂದ ಸುಲಭವಾಗಿ ಹೋಗುವುದಿಲ್ಲ. ಅದನ್ನು ಅವರು ಹೆಂಡತಿ ಕೇಳಿದ್ದಕ್ಕೆ ಮಾರಿದರೋ, ಕೇಳದೆಯೇ ಮಾರಿದರೋ? ನಿಮ್ಮ ಪತ್ರದಲ್ಲಿ ಅದಿಲ್ಲ, ಬಹುಶಃ ನಿಮಗೂ ತಿಳಿದಿಲ್ಲ. ಅವರನ್ನು ನಿಮ್ಮ ಪಕ್ಷಕ್ಕೆ ಎಳೆದುಕೊಳ್ಳಲೆಂದು ಕೇಳಬೇಡಿ, ತಿಳಿದುಕೊಳ್ಳಲೆಂದು ಕೇಳಿ.

ಮದುವೆಯ ವಿಷಯಕ್ಕೆ ಹೆಚ್ಚು ಮಾತು ಬೇಕಿಲ್ಲ. ಹುಡುಗನೊಂದಿಗೆ ಮೊದಲ ಸಲ ಮಾತಾಡುವಾಗಲೇ ಹೇಳಿಬಿಡಿ. ಮದುವೆಯಾಗುವವರೆಗೆ ಮುಚ್ಚಿಡು ಎಂದು ನೆಂಟರು ಯಾರಾದರೂ ಹೇಳಿದರೆ ಕೇಳಬೇಡಿ.

ಹೇಳಿದ ಮೇಲೆ ಅಮ್ಮ ಎರಡು ದಿನ ಸರಿಯಾಗಿ ಮಾತಾಡದಿರಬಹುದು, ತಟ್ಟೆಯ ಮುಂದಿನಿಂದ ಎದ್ದು ಹೋಗಬಹುದು. ರಾಜಿ ಮಾಡಿಸಲು ತಮ್ಮನನ್ನು ಕಳಿಸಬೇಡಿ. ಭಾನುವಾರ ಬಸ್ಸಿನಲ್ಲೇ ಬೆಂಗಳೂರಿಗೆ ಹಿಂದಿರುಗಿ, ತಲುಪಿದ ಕೂಡಲೇ ಅಪ್ಪನ ಫೋನಿಗೆ ಮಾಡದೆ ಅಮ್ಮನ ಫೋನಿಗೇ ಮಾಡಿ. ಅವರು ಎತ್ತದಿದ್ದರೆ ಸೋಮವಾರ ಮತ್ತೆ ಮಾಡಿ.