1000 ಚದರಡಿ ತಾರಸಿಗೆ ಎಷ್ಟು ದೊಡ್ಡ ಟ್ಯಾಂಕ್ ಬೇಕು?

ಮೇಡಂ, ಬೆಂಗಳೂರಿನಲ್ಲಿ 1000 ಚದರಡಿ ತಾರಸಿ ಇದೆ, ಮಳೆ ನೀರು ಹಿಡಿದು ಬೇಸಿಗೆಗೂ ಆಗುವ ಹಾಗೆ 10,000 ಲೀಟರ್ ಟ್ಯಾಂಕ್ ಇಡಲಾ ಅಂತ ಕೇಳಿದ್ದೀರಿ. ನನ್ನ ಕೇಳಿದರೆ ಬೇಡ. 2000 ಲೀಟರಿನದು ಸಾಕು. ಆದರೆ ನೀರನ್ನು ದಿನಾ ಬಳಸುತ್ತಾ ಇರಬೇಕು.

ಲೆಕ್ಕ ಸುಲಭ. ಒಂದು ಚದರ ಮೀಟರ್ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. ನಿಮ್ಮ ತಾರಸಿ ಸುಮಾರು 93 ಚದರ ಮೀಟರ್. 20 ಮಿಲಿಮೀಟರ್ ಮಳೆಗೆ, ಅಲ್ಲಿ ಇಲ್ಲಿ ಹೋಗಿದ್ದು ಕಳೆದರೂ, 1500 ಲೀಟರ್ ಸಿಗುತ್ತದೆ. ಇಲ್ಲಿ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಮಳೆ ಮತ್ತೆ ಮತ್ತೆ ಬರುತ್ತದೆ. ತುಂಬಿದ ಟ್ಯಾಂಕನ್ನು ಹಾಗೇ ಕಾಯ್ದುಕೊಂಡು ಕೂತರೆ ಮುಂದಿನ ಮಳೆಯೆಲ್ಲ ಚರಂಡಿಗೆ. ಬಟ್ಟೆ, ನೆಲ, ಫ್ಲಶ್, ಗಿಡ ಅಂತ ದಿನಕ್ಕೆ 250 ಲೀಟರ್ ಸಲೀಸಾಗಿ ಖರ್ಚಾಗುತ್ತದೆ. ಅಷ್ಟು ಕಾವೇರಿ ನೀರು ಸಂಪಿನಲ್ಲೇ ಉಳಿಯಿತು ಅಲ್ವಾ? ಬಟ್ಟೆಗಂತೂ ಬೋರ್‌ವೆಲ್ ನೀರಿಗಿಂತ ಮಳೆ ನೀರೇ ವಾಸಿ, ಸೋಪು ಚೆನ್ನಾಗಿ ನೊರೆ ಬರುತ್ತದೆ. ಅದೇ ಲೆಕ್ಕದಲ್ಲಿ ನವೆಂಬರ್ ಕೊನೆಗೆ ತುಂಬಿಟ್ಟ 10,000 ಲೀಟರ್ 40 ದಿನಕ್ಕೆ ಮುಗಿಯುತ್ತದೆ. ನಿಜವಾದ ಬೇಸಿಗೆ ಶುರುವಾಗುವುದೇ ಆಮೇಲೆ.

ದುಡ್ಡು ಉಳಿದರೆ ಗಮನ ಮೊದಲ ಮಳೆಯ ಕಡೆ ಇರಲಿ. ಮೊದಲ ಕೊಳೆ ನೀರು ಟ್ಯಾಂಕಿಗೆ ಹೋಗದೆ ಪಕ್ಕದಲ್ಲೇ ನಿಲ್ಲಲಿ ಅಂತ ಪ್ಲಂಬರ್‌ಗಳು 4 ಇಂಚಿನ ಪೈಪನ್ನು ಒಂದು ಮೀಟರ್ ಇಳಿಬಿಟ್ಟು, ಕೊನೆಗೆ ಎಂಡ್ ಕ್ಯಾಪ್ (ಮುಚ್ಚಳ) ಹಾಕಿ ಹೋಗುತ್ತಾರೆ. ಅದು ಹಿಡಿಯುವುದು ಬರೀ 8 ಲೀಟರ್. ನಿಮ್ಮ ತಾರಸಿ ತೊಳೆಯುವ ಮೊದಲ 1 ಮಿಲಿಮೀಟರೇ 93 ಲೀಟರ್! ಧೂಳು, ಪಾರಿವಾಳದ ಹಿಕ್ಕೆ, ಕೊಳೆತ ಎಲೆ ಎಲ್ಲ ಸೇರಿ ಡಿಕಾಕ್ಷನ್ ಥರ ಬರುತ್ತದೆ. ಆದ್ದರಿಂದ ತುಂಬಾ ದಿನ ಬಿಟ್ಟು ಬರುವ ಮಳೆಗೆ ಕ್ಯಾಪ್ ತೆಗೆದೇ ಇಡಿ. ನೀರು ತಿಳಿಯಾದ ಮೇಲೆ ಹಾಕಿ. (ಕೊಡೆ ಹಿಡಿದು ಹೋಗಬೇಕು, ಬೇರೆ ದಾರಿ ಇಲ್ಲ.) ಮನೆಯಲ್ಲಿ ಯಾರೂ ಇಲ್ಲದಿದ್ದರೆ ಆ ಮಳೆ ಹೋದರೆ ಹೋಗಲಿ. ದಿನಾ ಮಳೆ ಬರುವ ಹೊತ್ತಿಗೆ ತಾರಸಿ ತೊಳೆದಿರುತ್ತದೆ, ಆಗ 8 ಲೀಟರಿನದೇ ಸಾಕು. ಮಳೆ ನಿಂತ ಮೇಲೆ ಅದನ್ನು ಖಾಲಿ ಮಾಡುವುದು ಮಾತ್ರ ಮರೆಯಬೇಡಿ.

ಈ ನೀರಿನ ಪೈಪನ್ನು ಕಾವೇರಿ ಲೈನಿಗೆ ಎಲ್ಲೂ ಸೇರಿಸಬೇಡಿ. ಫ್ಲಶ್‌ಗೆ ಬೇಕಿದ್ದರೆ ಮೇಲೆ ಬೇರೆ ಚಿಕ್ಕ ಟ್ಯಾಂಕ್ ಇಡಿ. ಫಿಲ್ಟರ್ ಕೊಳ್ಳುವ ಮೊದಲು ಜಯನಗರ 5ನೇ ಬ್ಲಾಕಿನಲ್ಲಿರುವ ಜಲಮಂಡಳಿಯ ಮಳೆ ನೀರು ಕೊಯ್ಲು ಪಾರ್ಕಿಗೆ ಹೋಗಿ ಬನ್ನಿ. ಮಾದರಿಗಳನ್ನು ಕಣ್ಣಾರೆ ನೋಡಬಹುದು.

ತುಂಬಿದ ಟ್ಯಾಂಕ್ 2 ಟನ್ ಮೀರುತ್ತದೆ, ಕಟ್ಟೆ ಗಟ್ಟಿಯಾಗಿ, ನಲ್ಲಿಯ ಕೆಳಗೆ ಬಕೆಟ್ ಹಿಡಿಯುವಷ್ಟು ಎತ್ತರ ಇರಲಿ. ಓವರ್‌ಫ್ಲೋ ಪೈಪೂ 4 ಇಂಚಿನದೇ ಹಾಕಿಸಿ, ಬಾಯಿಗೆ ಸೊಳ್ಳೆ ಜಾಲರಿ ಕಟ್ಟಿ, ಜಾಗ ಇದ್ದರೆ ಇಂಗುಗುಂಡಿಗೆ ಬಿಡಿ.